ತಲಪಾಡಿ ದಾಟಿದರೆ ಗಿಳಿವಿಂಡು

ಮಂಗಳೂರಿನಿಂದ ಕಾಸರಗೋಡಿಗೆ ಹೊರಟ ಬಸ್ಸು ತಲಪಾಡಿ ದಾಟಿದ ಕೂಡಲೇ ಅಂಗಡಿಗಳ ಬೋರ್ಡಿನಲ್ಲಿ ಮಲಯಾಳ ಮೇಲಕ್ಕೇರುತ್ತದೆ. ಬಸ್ಸಿನೊಳಗಿನ ಮಾತು ಮಾತ್ರ ಹಾಗೇ ಇರುತ್ತದೆ: ತುಳು, ಬ್ಯಾರಿ, ಕೊಂಕಣಿ, ನಡುನಡುವೆ ಕನ್ನಡ. ಸ್ವಲ್ಪ ಹೊತ್ತಿಗೆಲ್ಲ ಮಂಜೇಶ್ವರ ಬರುತ್ತದೆ. ಕನ್ನಡದ ಮೊದಲ ರಾಷ್ಟ್ರಕವಿಯ ಮನೆ ಇರುವುದು ಇಲ್ಲಿ, ಕೇರಳದಲ್ಲಿ. ಈಗ ಅದರ ಹೆಸರು ಗಿಳಿವಿಂಡು.

ರಾಷ್ಟ್ರಕವಿ ಎಂದಾಗ ನಮ್ಮಲ್ಲಿ ಹೆಚ್ಚಿನವರ ಬಾಯಿಗೆ ಮೊದಲು ಬರುವ ಹೆಸರು ಕುವೆಂಪು. ಅವರಿಗೆ ಆ ಬಿರುದು ಬಂದದ್ದು 1964ರಲ್ಲಿ, ಜಿ.ಎಸ್. ಶಿವರುದ್ರಪ್ಪನವರಿಗೆ 2006ರಲ್ಲಿ. ಮಂಜೇಶ್ವರದ ಗೋವಿಂದ ಪೈಗಳು 1949ರಲ್ಲೇ ರಾಷ್ಟ್ರಕವಿಯಾಗಿದ್ದರು. ಕೊಟ್ಟದ್ದು ಮದ್ರಾಸ್ ಸರಕಾರ. ಆಗ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿಗೆ ಸೇರಿತ್ತು, ಕಾಸರಗೋಡು ಆ ಜಿಲ್ಲೆಯ ಒಂದು ತಾಲೂಕು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯದ ಪಾಲಾಯಿತು, ಕಾಸರಗೋಡು ಕೇರಳದ ಪಾಲಾಯಿತು. ಪೈಗಳು ಎಲ್ಲಿಗೂ ಹೋಗಲಿಲ್ಲ. ಅವರು ಕೂತಲ್ಲೇ ಕೂತಿದ್ದರು, ಅಡಿಯಲ್ಲಿದ್ದ ರಾಜ್ಯ ಬದಲಾಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕನ್ನಡ ನಾಡಿಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳುವ ಹೊತ್ತಿಗೆ ಅವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆ ಮಾತೂ ಕಾಗದದಲ್ಲೇ ಉಳಿಯಿತು.

ಹುಟ್ಟಿದ್ದು 1883ರ ಮಾರ್ಚ್ 23ರಂದು, ಇದೇ ಮಂಜೇಶ್ವರದಲ್ಲಿ, ತಾಯಿಯ ತವರಿನಲ್ಲಿ. ಮನೆಮಾತು ಕೊಂಕಣಿ, ಬೀದಿಯ ಮಾತು ತುಳು. ಕನ್ನಡ ಅವರಿಗೆ ಕಲಿತು ಬಂದ ಭಾಷೆ. ಮಂಗಳೂರಿನ ಶಾಲೆಯಲ್ಲಿ ಪಂಜೆ ಮಂಗೇಶರಾಯರು ಅವರಿಗೆ ಮೇಷ್ಟ್ರು. ಮುಂದೆ ಮದ್ರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ಮನೆಯ ಕಷ್ಟದ ಸುದ್ದಿ ಬಂದು ಊರಿಗೆ ಮರಳಿದರು, ಪದವಿ ಕೈಗೆ ಬರಲಿಲ್ಲ. ಆಮೇಲೆ ಅವರನ್ನು ಬೆಳೆಸಿದ್ದು ಪುಸ್ತಕಗಳು. ಸಂಸ್ಕೃತ, ಪಾಳಿ, ಬಂಗಾಳಿ, ಪಾರಸಿ, ಗ್ರೀಕ್, ಲ್ಯಾಟಿನ್ ಎಂದು ಪಟ್ಟಿ ಬೆಳೆಯುತ್ತದೆ. ಅವರಿಗೆ ಇಪ್ಪತ್ತೈದು ಭಾಷೆ ಬರುತ್ತಿತ್ತೆಂದು ನಮ್ಮ ಕಡೆ ಹೆಮ್ಮೆಯಿಂದ ಎಣಿಸುವುದುಂಟು. ಎಣಿಕೆ ಹಾಗಿರಲಿ, ಆ ಭಾಷೆಗಳನ್ನು ಅವರು ಯಾವುದಕ್ಕೆ ಬಳಸಿದರು ಎನ್ನುವುದು ನನಗೆ ಹೆಚ್ಚು ಕುತೂಹಲದ ವಿಷಯ.

ಶಾಲೆಯ ಪಠ್ಯದಲ್ಲಿ ಪೈಗಳು ‘ಪ್ರಾಸ ಬಿಟ್ಟವರು’ ಎಂದು ಒಂದು ಸಾಲಿನಲ್ಲಿ ಮುಗಿದುಬಿಡುತ್ತಾರೆ. ಆ ಒಂದು ಸಾಲಿನ ಭಾರ ಇಂದಿನ ಓದುಗರಿಗೆ ತಟ್ಟುವುದಿಲ್ಲ. ಇಲ್ಲಿ ಪ್ರಾಸವೆಂದರೆ ಸಿನಿಮಾ ಹಾಡಿನ ಸಾಲುಗಳ ತುದಿಯಲ್ಲಿ ಬರುವ ಪ್ರಾಸವಲ್ಲ, ಪದ್ಯದ ಪ್ರತಿ ಪಾದದ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕೆಂಬ ನಿಯಮ. ಸಾವಿರ ವರ್ಷ ಕನ್ನಡ ಕವಿಗಳು ಅದನ್ನು ಹೊತ್ತುಕೊಂಡೇ ನಡೆದಿದ್ದರು. ಮೊದಲ ಪಾದದಲ್ಲಿ ‘ಮರ’ ಎಂದಿಟ್ಟರೆ ಮುಂದಿನ ಪಾದಗಳಿಗೆ ಸಿರಿ, ಕರ, ಪುರ ಎಂದು ಹುಡುಕಾಟ ಶುರು. ಅರ್ಥ ಕಾಯುತ್ತಾ ನಿಲ್ಲಬೇಕು. 1911ರಲ್ಲಿ ಪೈಗಳು ಆ ಹೊರೆ ಇಳಿಸಿದರು. ‘ಹೊಲೆಯನು ಯಾರು?’ ಎಂಬ ಕವಿತೆ ಆ ದಾರಿಯ ಮೊದಲ ಹೆಜ್ಜೆ. ಪ್ರಾಸ ತಪ್ಪಿದರೆ ಪದ್ಯವೇ ಕೆಟ್ಟಿತು ಎನ್ನುವ ಕಾಲದಲ್ಲಿ ಇಪ್ಪತ್ತೆಂಟರ ಹರೆಯದವರೊಬ್ಬರು ಮಾಡಿದ ಕೆಲಸ ಅದು.

ಹಾಗೆಂದು ಪೈಗಳ ಕಾವ್ಯ ಸಲೀಸು ಎಂದುಕೊಂಡು ಕೈಗೆತ್ತಿಕೊಂಡರೆ ಪೆಟ್ಟು ತಿನ್ನುತ್ತೀರಿ. ಪ್ರಾಸವನ್ನೇನೋ ಬಿಟ್ಟರು, ಹಳಗನ್ನಡದ ಪದಸಂಪತ್ತನ್ನು ಬಿಡಲಿಲ್ಲ. ‘ಗೊಲ್ಗೊಥಾ’ವನ್ನು ಮೊದಲ ಸಲ ಓದಿದಾಗ ಪಕ್ಕದಲ್ಲಿ ನಿಘಂಟು ಇಟ್ಟುಕೊಂಡೇ ಕೂತಿದ್ದೆ, ಎರಡನೆಯ ಸಲವೂ ಅದನ್ನು ಕಪಾಟಿಗೆ ಹಿಂದಿರುಗಿಸಲಾಗಲಿಲ್ಲ. ಅವರ ಹೆಸರು ಎಲ್ಲರಿಗೂ ಗೊತ್ತಿದ್ದು ಓದಿದವರು ಕಡಿಮೆ ಇರುವುದಕ್ಕೆ ಇದೂ ಒಂದು ಕಾರಣ.

‘ಗೊಲ್ಗೊಥಾ’ ಯೇಸುವಿನ ಕೊನೆಯ ದಿನದ ಕಥೆ. ‘ವೈಶಾಖಿ’ ಬುದ್ಧನ ಕೊನೆಯ ದಿನದ ಕಥೆ. ಇಡೀ ಜೀವನಚರಿತ್ರೆಯಲ್ಲ, ಒಂದು ದಿನ. ಈ ಆಯ್ಕೆಯ ಗುಟ್ಟು ಅವರ ಇನ್ನೊಂದು ಕಸುಬಿನಲ್ಲಿದೆ ಎಂದು ನನಗನ್ನಿಸುತ್ತದೆ. ಕಾಲನಿರ್ಣಯ ಪೈಗಳ ದೊಡ್ಡ ಗೀಳು. ಬುದ್ಧ ಪರಿನಿರ್ವಾಣ ಹೊಂದಿದ ದಿನ ಯಾವುದು ಎಂದು ಅವರು ಲೆಕ್ಕ ಹಾಕಿದ್ದರು. ಶ್ರವಣಬೆಳಗೊಳದ ಗೊಮ್ಮಟನ ಪ್ರತಿಷ್ಠೆಯ ಬಗ್ಗೆ ಹಳೆಯ ಗ್ರಂಥದಲ್ಲಿ ಸಂವತ್ಸರ, ತಿಥಿ, ವಾರ, ನಕ್ಷತ್ರಗಳ ಉಲ್ಲೇಖವಿದೆ. ಅವೆಲ್ಲ ಒಟ್ಟಿಗೆ ಕೂಡಿಬರುವ ದಿನವನ್ನು ಅರಸಿ ಪೈಗಳು ಮುಟ್ಟಿದ್ದು 981ರ ಮಾರ್ಚ್ 13ಕ್ಕೆ. ಬೇರೆ ವಿದ್ವಾಂಸರು ಬೇರೆ ವರ್ಷಗಳನ್ನು ಹೇಳಿದ್ದಾರೆ, ಆ ಜಗಳ ಮುಗಿದಿಲ್ಲ. ಪುಸ್ತಕಕ್ಕೆ ಹೆಸರಿಡುವಾಗಲೂ ಪೈಗಳ ಕೈ ಪಂಚಾಂಗದ ಕಡೆಗೇ ಹೋಗುತ್ತಿತ್ತು: ವೈಶಾಖಿ ಒಂದು ಹುಣ್ಣಿಮೆ, 1942ರ ಚಳವಳಿಯ ಮೇಲೆ ಬರೆದ ನಾಟಕಕ್ಕೆ ‘ಚಿತ್ರಭಾನು’ ಎಂದು ಹೆಸರು, ಅದು ಆ ವರ್ಷದ ಸಂವತ್ಸರ. ದಿನವನ್ನು ಲೆಕ್ಕದಿಂದ ಹಿಡಿಯುವವನು ಸಂಶೋಧಕ. ಹಾಗೆ ಸಿಕ್ಕ ದಿನದ ಬೆಳಗು, ಬಿಸಿಲು, ಇರುಳುಗಳನ್ನು ಕಾಣಬೇಕಾದರೆ ಕವಿ ಬೇಕು. ಮಂಜೇಶ್ವರದ ಮನೆಯಲ್ಲಿ ಇವರಿಬ್ಬರೂ ಒಂದೇ ಮೇಜಿನಲ್ಲಿ ಬರೆಯುತ್ತಿದ್ದರು.

ಗ್ರೀಕ್ ಕಲಿತದ್ದೂ ಹೀಗೆಯೇ ಕೆಲಸಕ್ಕೆ ಬಂತು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕ ಪಪೈರಸ್ ಹಾಳೆಗಳಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಭಾರತದ ಕಡಲತೀರದಲ್ಲಿ ಸಿಕ್ಕಿಬಿದ್ದ ಗ್ರೀಕ್ ಹೆಣ್ಣೊಬ್ಬಳ ಕಥೆ ಅದು. ಅದರಲ್ಲಿ ಸ್ಥಳೀಯರ ಬಾಯಲ್ಲಿ ಬರುವ ಅರ್ಥವಾಗದ ಮಾತುಗಳು ಕನ್ನಡವಿರಬಹುದೇ ಎಂಬ ಚರ್ಚೆ ಕಳೆದ ಶತಮಾನದ ಆರಂಭದಲ್ಲೇ ಎದ್ದಿತ್ತು, ಪೈಗಳೂ ಅದರೊಳಗೆ ಇಳಿದರು. ಪಡುವಣ ಕಡಲಿನ ದಡದಲ್ಲಿ ಕೂತು ಓದುವಾಗ ಆ ಹಾಳೆ ನೆರೆಮನೆಯ ಪತ್ರದಂತೆ ಕಂಡಿರಬೇಕು. ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದದ್ದೂ ಇದೇ ಮನೆಯಿಂದ.

1951ರಲ್ಲಿ ಮುಂಬಯಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಪೈಗಳು ಅಧ್ಯಕ್ಷರಾದರು. 1963ರ ಸೆಪ್ಟೆಂಬರ್ 6ರಂದು ತೀರಿಕೊಂಡರು.

ಗಿಳಿವಿಂಡು ಎಂಬುದು 1930ರಲ್ಲಿ ಬಂದ ಅವರ ಕವನ ಸಂಕಲನದ ಹೆಸರು. ಸ್ಮಾರಕಕ್ಕೆ ಅದನ್ನೇ ಇಟ್ಟದ್ದು ಒಳ್ಳೆಯದಾಯಿತು. ಎರಡು ರಾಜ್ಯಗಳ ಸರಕಾರಗಳು ಸೇರಿ ಕಟ್ಟಿದ ಯೋಜನೆ, ಹೀಗಾಗಿ ನಿಧಾನವಾಗಿ ಬೆಳೆಯಿತು; 2017ರಲ್ಲಿ ಉದ್ಘಾಟನೆಯಾಯಿತು. ಕವಿಯ ಮನೆಯ ಜತೆಗೆ ಸಭೆ, ಯಕ್ಷಗಾನ, ನಾಟಕಗಳಿಗೂ ಜಾಗವಿದೆ. ಅದೇ ಊರಿನಲ್ಲಿ ಪೈಗಳ ಹೆಸರಿನ ಸರಕಾರಿ ಕಾಲೇಜೂ ಇದೆ, ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದು.

ಆದರೆ ಅವರ ಪುಸ್ತಕಗಳನ್ನು ಹುಡುಕಿಕೊಂಡು ಇಲ್ಲಿಗೆ ಬರಬೇಡಿ. ಜೀವಮಾನವಿಡೀ ಕೂಡಿಟ್ಟ ಆ ಸಂಗ್ರಹ ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಹೋಯಿತು. ಅಲ್ಲಿ ಕು.ಶಿ. ಹರಿದಾಸ ಭಟ್ಟರು ಬೆಳೆಸಿದ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವಿದೆ. ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಆರು ಸಂಪುಟಗಳ ತುಳು ನಿಘಂಟು ಹೊರಬಂದದ್ದು ಆ ಕೇಂದ್ರದಿಂದಲೇ. ಮನೆ ಕೇರಳದಲ್ಲಿ, ಕಪಾಟು ಕರ್ನಾಟಕದಲ್ಲಿ. ಬೆಳಗ್ಗೆ ಮಂಜೇಶ್ವರ ನೋಡಿ, ತಲಪಾಡಿ ಗಡಿಯನ್ನೂ ನೇತ್ರಾವತಿಯನ್ನೂ ದಾಟಿ, ಮಂಗಳೂರಿನಲ್ಲಿ ಬಸ್ಸು ಬದಲಿಸಿದರೆ ಊಟದ ಹೊತ್ತಿಗೆ ಉಡುಪಿ ತಲುಪಬಹುದು.