ಹಿತ್ತಲಿನ ಸೊಪ್ಪಿನಿಂದ ಹಸಿರು ರಸ



ಹಸಿ ಸೊಪ್ಪನ್ನು ಅರೆದು ಸೋಸಿ ಬೆಳಿಗ್ಗೆ ಕುಡಿಯುವ ರೂಢಿ ಈಗ ಪಟ್ಟಣದಿಂದ ಹಳ್ಳಿಗೂ ಬಂದಿದೆ. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಒರಳುಕಲ್ಲು ಅಥವಾ ಮಿಕ್ಸಿ ಸಾಕು. ಆದರೆ ಬೇಯಿಸದೆ ಕುಡಿಯುವಾಗ ಎಲೆಯ ಮೇಲಿದ್ದುದೆಲ್ಲವೂ ಹೊಟ್ಟೆಗೆ ಹೋಗುತ್ತದೆ. ಆದುದರಿಂದ ಈ ಕೆಲಸ ಆರಂಭವಾಗುವುದು ಅಡುಗೆಮನೆಯಲ್ಲಲ್ಲ, ಸೊಪ್ಪು ಬೆಳೆಯುವ ಜಾಗದಲ್ಲಿ.

ಸೊಪ್ಪು ಎಲ್ಲಿಯದು?

ಕೊಪ್ಪ, ಪಿರಿಯಾಪಟ್ಟಣ, ಹುಣಸೂರು ಕಡೆ ಹೊಗೆಸೊಪ್ಪು ಮುಖ್ಯ ಬೆಳೆ. ಮುಂಗಾರಿನಲ್ಲಿ ಹೊಲದಲ್ಲೂ ಬದುವಿನಲ್ಲೂ ತಾನಾಗಿ ಹುಟ್ಟುವ ಬೆರಕೆಸೊಪ್ಪನ್ನು ಕೊಯ್ದು ತರುವುದು ನಮ್ಮ ಹೆಣ್ಣುಮಕ್ಕಳ ವಾಡಿಕೆ. ಹೊಗೆಸೊಪ್ಪಿಗೆ ಹೊಡೆದ ಕೀಟನಾಶಕ ಇದರ ಮೇಲೂ ಬೀಳುತ್ತದೆ. ಕೆಲವು ಔಷಧಿಗಳು ಎಲೆಯೊಳಕ್ಕೇ ಇಳಿಯುತ್ತವೆ. ಎಷ್ಟು ತೊಳೆದರೂ, ಉಪ್ಪುನೀರಿನಲ್ಲಿ ನೆನೆಸಿದರೂ ಪೂರ್ತಿ ಹೋಗುವುದಿಲ್ಲ. ಅಂತಹ ಹೊಲದ ಸೊಪ್ಪನ್ನು ರಸಕ್ಕಾಗಲಿ ಸಾರಿಗಾಗಲಿ ಬಳಸಕೂಡದು.

ಹಿತ್ತಲಿನಲ್ಲಿ ಒಂದು ಮಾರು ಉದ್ದದ ಮಡಿ ಮಾಡಿರಿ. ಕೊತ್ತಂಬರಿ ಬೀಜವನ್ನು ಎರಡಾಗಿ ಒಡೆದು ಬಿತ್ತಿ, ಪಕ್ಕದಲ್ಲಿ ಪುದೀನದ ಕಡ್ಡಿ ನೆಡಿರಿ. ಸುಮಾರು 40 ದಿನಗಳಲ್ಲಿ ಕೊತ್ತಂಬರಿ ಕೊಯ್ಯಬಹುದು. ಹಸಿ ಸಗಣಿ ಹಾಕದೆ ಚೆನ್ನಾಗಿ ಕಳಿತ ಗೊಬ್ಬರವನ್ನೇ ಹಾಕಿರಿ. ಬಚ್ಚಲ ನೀರು ಬಾಳೆಗೆ ಹೋಗಲಿ, ಈ ಮಡಿಗೆ ಬೇಡ. ಔಷಧಿ ಹೊಡೆಯುವ ಪಂಪನ್ನು ಇದರ ಹತ್ತಿರ ತೊಳೆಯಲೇಬೇಡಿ.

ಮಾಡುವ ಬಗೆ

ಒಬ್ಬರಿಗೆ ಒಂದು ಹಿಡಿ ಕೊತ್ತಂಬರಿ ಸೊಪ್ಪು, ಹತ್ತು ಪುದೀನ ಎಲೆ, ಅರ್ಧ ಎಳೆ ಸೌತೆಕಾಯಿ, ಸಣ್ಣ ಚೂರು ಶುಂಠಿ ಸಾಕು. ಸೊಪ್ಪನ್ನು ಬಿಡಿಸಿ ಮೂರು ಸಲ ನೀರು ಬದಲಿಸಿ ತೊಳೆಯಿರಿ. ಕುದಿಸಿ ಆರಿಸಿದ ನೀರು ಒಂದು ಲೋಟ ಸೇರಿಸಿ ನುಣ್ಣಗೆ ಅರೆದು, ಶುಭ್ರವಾದ ತೆಳು ಬಟ್ಟೆಯಲ್ಲಿ ಸೋಸಿರಿ. ಅರ್ಧ ನಿಂಬೆಹಣ್ಣು ಹಿಂಡಿ, ಚಿಟಿಕೆ ಉಪ್ಪು ಹಾಕಿ ಕೂಡಲೇ ಕುಡಿಯಿರಿ. ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತಲು ನಿಂಬೆಯ ಹುಳಿ ನೆರವಾಗುತ್ತದೆ. ಮಿಕ್ಕ ರಸವನ್ನು ಸಂಜೆಗೆಂದು ಇಡಬೇಡಿ.

ಕಹಿ ಕಂಡರೆ ಚೆಲ್ಲಿರಿ

ಸೌತೆ ಅಥವಾ ಸೋರೆಕಾಯಿಯನ್ನು ರಸಕ್ಕೆ ಹಾಕುವ ಮೊದಲು ಒಂದು ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿರಿ. ಕಹಿಯಿದ್ದರೆ ಉಗುಳಿ, ಕಾಯನ್ನು ಎಸೆಯಿರಿ. ಕಹಿ ಸೋರೆಕಾಯಿಯ ರಸದಿಂದ ನಮ್ಮ ದೇಶದಲ್ಲಿ ಪ್ರಾಣಗಳೇ ಹೋಗಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ವರದಿಯೊಂದು 2012ರಲ್ಲಿ ಪ್ರಕಟವಾಗಿ, ಕಹಿ ರಸವನ್ನು ಕುಡಿಯಲೇಬಾರದೆಂದು ಎಚ್ಚರಿಸಿತು. ಬೆಲ್ಲ ಹಾಕಿದರೆ ಕಹಿ ಮರೆಯಾದೀತು, ವಿಷ ಹೋಗದು. ಕುಡಿದ ಮೇಲೆ ವಾಂತಿ, ಭೇದಿ, ಹೊಟ್ಟೆನೋವು ಕಂಡರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಿರಿ.

ಮೂತ್ರಪಿಂಡದಲ್ಲಿ ಕಲ್ಲು ಇದ್ದವರು ಪಾಲಕ್ ರಸವನ್ನು ವೈದ್ಯರನ್ನು ಕೇಳದೆ ಕುಡಿಯಬಾರದು. ಗರ್ಭಿಣಿಯರಿಗೂ ಎಳೆಮಕ್ಕಳಿಗೂ ಹಸಿ ರಸಕ್ಕಿಂತ ಬೇಯಿಸಿದ ಸೊಪ್ಪೇ ಲೇಸು.

ರಸ ಊಟವಲ್ಲ

ಸೋಸಿದಾಗ ಸೊಪ್ಪಿನ ನಾರು ಬಟ್ಟೆಯಲ್ಲೇ ಉಳಿಯುತ್ತದೆ. ಆ ನಾರೂ ಮೈಗೆ ಬೇಕಾದುದೇ. ಒಂದು ಲೋಟ ರಸ ಕುಡಿದೆವೆಂದು ಸೊಪ್ಪಿನ ಅಡುಗೆಯನ್ನು ಬಿಟ್ಟರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ರಾಗಿಮುದ್ದೆ, ಬಸ್ಸಾರು, ಒಗ್ಗರಣೆ ಹಾಕಿದ ನುಗ್ಗೆಸೊಪ್ಪಿನ ಪಲ್ಯ ಮನೆಯಲ್ಲಿ ಎಂದಿನಂತೆ ನಡೆಯಲಿ. ರಸ ಅದರ ಜೊತೆಗೆ ಇರಲಿ.

ಹೊಗೆಸೊಪ್ಪಿಗೆ ಎಕರೆಗಟ್ಟಲೆ ನೆಲ ಕೊಡುವ ನಾವು ಮನೆಮಂದಿಯ ಸೊಪ್ಪಿಗೆ ಒಂದು ಮಡಿ ಕೊಡಲಾರೆವೇ? ಈ ವಾರವೇ ಹಿತ್ತಲನ್ನು ಅಗೆಯಿರಿ.