ಬಂಕಾಪುರದ ಕೋಟೆಯೊಳಗೆ ಖಿಲಾರಿ ದರ್ಬಾರು

ದೀಪಾವಳಿಗೆ ಮುಂಚೆ ಬಂಕಾಪುರದ ಕೋಟೆಗೆ ಹೋದವರಿಗೆ ನವಿಲು ಕಾಣುತ್ತವೆ, ಗರಿ ಕಾಣುವುದಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಗಂಡುನವಿಲು ಗರಿ ಉದುರಿಸಿಕೊಂಡಿರುತ್ತದೆ. ಮೇವಿನ ಜೋಳದ ಸಾಲಿನಿಂದ ಹೊರಬಂದ ನಾಲ್ಕಾರು ಹಕ್ಕಿಗಳು ನಮ್ಮತ್ತ ಒಮ್ಮೆ ಕತ್ತು ಚಾಚಿ, ಕಂದಕದ ಜಾಲಿಯೊಳಗೆ ನುಸುಳಿದವು. ಕುಣಿತ ನೋಡುವ ಆಸೆಯಿಂದ ಜೊತೆಗೆ ಬಂದಿದ್ದ ಹತ್ತಿಮತ್ತೂರಿನ ಗೆಳೆಯರ ಮುಖ ಸಣ್ಣಗಾಯಿತು. 'ಇಂಥಾವು ನಮ್ಮ ಹೊಲದಾಗೂ ಅದಾವಲ್ರಿ' ಎಂದರು.

ಅರಮನೆ ನೋಡಬೇಕೆಂದು ಬಂದವರಿಗೂ ಇಲ್ಲಿ ಇದೇ ಗತಿ. ಒಂದು ಕಾಲಕ್ಕೆ ಬನವಾಸಿ ನಾಡನ್ನೇ ಆಳಿದವರ ಊರಿನ ಕೋಟೆಯಲ್ಲಿ ಈಗ ಎದುರಾಗುವುದು ಸರ್ಕಾರದ ದನದ ಕೊಟ್ಟಿಗೆ. ಪಶುಸಂಗೋಪನಾ ಇಲಾಖೆಯ ಖಿಲಾರಿ ತಳಿ ಸಂವರ್ಧನಾ ಕೇಂದ್ರ ಇರುವುದು ಕೋಟೆಯೊಳಗೇ. 139 ಎಕರೆಯ ಈ ಆವರಣವನ್ನು 2006ರಲ್ಲಿ ನವಿಲು ಸಂರಕ್ಷಣಾ ಪ್ರದೇಶವೆಂದು ಘೋಷಿಸಲಾಯಿತು. ನಡುವೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ನಗರೇಶ್ವರ ಗುಡಿ. ದನ ಒಂದು ಇಲಾಖೆಗೆ, ಹಕ್ಕಿ ಇನ್ನೊಂದಕ್ಕೆ, ದೇವರು ಮತ್ತೊಂದಕ್ಕೆ!

ಇತಿಹಾಸ ಬೇಕಾದವರಿಗೆ ಚುಟುಕಾಗಿ: ರಾಷ್ಟ್ರಕೂಟ ಅಮೋಘವರ್ಷನ ಸಾಮಂತ ಬಂಕೆಯನಿಂದ ಊರಿಗೆ ಈ ಹೆಸರು. ಅವನ ಮಗ ಲೋಕಾದಿತ್ಯನ ಕಾಲದಲ್ಲಿ, 9ನೇ ಶತಮಾನದ ಕೊನೆಗೆ, ಗುಣಭದ್ರನ ಉತ್ತರಪುರಾಣಕ್ಕೆ ಇಲ್ಲಿ ಪೂಜೆ ನಡೆಯಿತು. ಗಂಗ ದೊರೆ ಮಾರಸಿಂಹ ರಾಜ್ಯ ಬಿಟ್ಟು ಬಂದು, ಅಜಿತಸೇನ ಗುರುಗಳ ಸನ್ನಿಧಿಯಲ್ಲಿ ಸಲ್ಲೇಖನ ಕೈಗೊಂಡದ್ದೂ ಇಲ್ಲೇ. ಆಮೇಲೆ ಚಾಲುಕ್ಯರು, ಕದಂಬರು, ವಿಜಯನಗರದವರು. 1570ರ ದಶಕದಲ್ಲಿ ಬಿಜಾಪುರದ ಆದಿಲ್‌ಶಾಹಿಗಳು. ಔರಂಗಜೇಬ ಬಿಜಾಪುರ ಗೆದ್ದ ಮೇಲೆ ಅಬ್ದುಲ್ ರವೂಫ್ ಖಾನ್. ಈ ಖಾನನ ವಂಶದವರೇ ಮುಂದೆ ಸವಣೂರಿನ ನವಾಬರಾದರು. ಅವರ ಸಂಸ್ಥಾನ 1948ರ ಮಾರ್ಚಿನಲ್ಲಿ ಮುಂಬಯಿ ಪ್ರಾಂತ್ಯದೊಳಗೆ ಸೇರಿತು. ಹತ್ತಿಮತ್ತೂರಿನವರು ಈ ಪಟ್ಟಿಗೆ ಬೆರಗಾಗಬೇಕಿಲ್ಲ. ಅವರೂರಿನ ಶಾಸನ ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ್ದು, ಬಂಕೆಯನಿಗಿಂತ ಸುಮಾರು ನೂರು ವರ್ಷ ಹಳೆಯದು.

ನಗರೇಶ್ವರ ಗುಡಿ ಸುತ್ತಲಿನ ನೆಲಕ್ಕಿಂತ ತಗ್ಗಿನಲ್ಲಿದೆ. ಊರವರು 'ಅರವತ್ತು ಕಂಬದ ಗುಡಿ' ಎನ್ನುತ್ತಾರೆ. ಚರಕಿಗೆ ಹಾಕಿ ತಿರುಗಿಸಿದಂಥ ನುಣುಪಿನ ಕಂಬಗಳು, ಒಳಗೆ ತಂಪು. ಹೊರಗಿನ ಬಿಸಿಲಿನಲ್ಲಿ ನಿಂತು ಫೋಟೋ ತೆಗೆದು ತಿರುಗಿ ಹೋಗುವವರು ಇದನ್ನು ಕಳೆದುಕೊಳ್ಳುತ್ತಾರೆ.

ನಾವು ಗುಡಿಯಲ್ಲಿದ್ದದ್ದಕ್ಕಿಂತ ಹೆಚ್ಚು ಹೊತ್ತು ನಿಂತದ್ದು ಕೊಟ್ಟಿಗೆಯ ಹತ್ತಿರ. ಕಣಕಿ ಹೊರೆ ಇಳಿಸುತ್ತಿದ್ದ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ಸಿಕ್ಕರು ಎನ್ನುವುದಕ್ಕಿಂತ, ನಾವೇ ಅವರ ಕೈಗೆ ಸಿಕ್ಕೆವು. ಖಿಲಾರಿಯ ಕೋಡು ಹಿಂದಕ್ಕೆ ಬಾಗಿ ಮೇಲೇರಬೇಕು, ಮುಖ ಉದ್ದ ಇರಬೇಕು, ಮೈ ಬಿಗಿ ಇರಬೇಕು ಎಂದು ಶುರುಮಾಡಿ, ಹಲ್ಲು ನೋಡಿ ವಯಸ್ಸು ಹೇಳುವುದು, ಸುಳಿ ನೋಡಿ ಮನೆಗೆ ಆಗಿಬರುತ್ತದೋ ಇಲ್ಲವೋ ಹೇಳುವುದು, ಎಲ್ಲವನ್ನೂ ಒಪ್ಪಿಸಿದರು. ಹಾಲು ಎಷ್ಟು ಕೊಡುತ್ತವೆ ಎಂದು ಕೇಳಿದೆ. ಪ್ರಶ್ನೆ ಅವರಿಗೆ ಹಿಡಿಸಲಿಲ್ಲ. 'ಹಾಲು ಕರಕ್ಕ ಆದ್ರ ಸಾಕ್ರಿ. ಖಿಲಾರಿ ಇರೋದು ದುಡಿಯಾಕ, ಓಡಾಕ' ಎಂದರು.

ಓಡುವ ಮಾತು ಬಂದರೆ ಹಾವೇರಿ ಸೀಮೆಯಲ್ಲಿ ಬೇಗ ಮುಗಿಯುವುದಿಲ್ಲ. ದೀಪಾವಳಿಯಿಂದಾಚೆ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಸುತ್ತಮುತ್ತ ಕೊಬ್ಬರಿ ಹೋರಿಯ ಕಾಲ. ಕೋಡಿಗೆ ರಿಬ್ಬನ್ನು, ಬಲೂನು, ಮೈಮೇಲೆ ಜೂಲ, ಕೊರಳಲ್ಲಿ ಒಣಕೊಬ್ಬರಿ ಸರ. ಜನರ ನಡುವೆ ಓಡುವ ಹೋರಿಯಿಂದ ಕೊಬ್ಬರಿ ಕಿತ್ತವನು ಗಂಡಸು, ಕೀಳಗೊಡದೆ ದಾಟಿದ ಹೋರಿ ಅದಕ್ಕಿಂತ ದೊಡ್ಡ ಗಂಡಸು. ಎದೆಗೆ ಕೋಡು ತಾಗಿ ಸತ್ತವರೂ ಇದ್ದಾರೆ, ಅದನ್ನು ಮರೆಸಿ ಹೊಗಳುವುದು ಸರಿಯಲ್ಲ. ಆದರೆ ಟ್ರ್ಯಾಕ್ಟರು ಬಂದ ಮೇಲೂ ಈ ಭಾಗದ ಎಷ್ಟೋ ಮನೆಗಳಲ್ಲಿ ಖಿಲಾರಿ ಉಳಿದದ್ದರಲ್ಲಿ ಉಳುಮೆಯಷ್ಟೇ ಪಾಲು ಈ ಹುಚ್ಚಿನದೂ ಇದೆ ಎಂದು ನನಗನ್ನಿಸುತ್ತದೆ.

ಹೊರಡುವಾಗ ಹಿರಿಯರು ಒಂದು ಮಾತು ಹೇಳಿದರು: 'ಈ ದನ ಇರಲಿಲ್ಲಂದ್ರ ಕೋಟಿ ಒಳಗ ಸೈಟು ಬೀಳತಿದ್ವು ನೋಡ್ರಿ.' ತಳ್ಳಿಹಾಕುವ ಮಾತಲ್ಲ. ಕೊಟ್ಟಿಗೆಗಾಗಿ ಜಾಗ ಉಳಿಯಿತು, ದನಕ್ಕೆಂದು ಬೆಳೆದ ಮೇವು ನವಿಲಿಗೂ ಆಯಿತು, ಕಂದಕದ ಮುಳ್ಳುಪೊದೆ ಮೊಟ್ಟೆಯಿಡಲು ಮರೆಯಾಯಿತು.

ಊರಿನ ಚಹಾದಂಗಡಿಯಲ್ಲಿ ಮಾತ್ರ ಬೇರೆ ರಾಗ. 'ಹಿಂಗಾರಿಗೆ ಕಡಲಿ ಬಿತ್ತಿದ್ರ ಕೆದರಿ ತಿಂತಾವ್ರಿ. ಹೊಡಿಯಂಗಿಲ್ಲ, ಬಿಡಂಗಿಲ್ಲ' ಎಂದು ರೈತರೊಬ್ಬರು ಗೊಣಗಿದರು. 1963ರಿಂದ ರಾಷ್ಟ್ರಪಕ್ಷಿ, ಮೇಲೆ ವನ್ಯಜೀವಿ ಕಾಯ್ದೆ. ನವಿಲು ಕೋಟೆಯ ಗೋಡೆ ನೋಡಿ ನಿಲ್ಲುವುದಿಲ್ಲ. ನೋಡಲು ಬರುವವರ ಸಂತೋಷಕ್ಕೆ ಸುತ್ತಲಿನ ಹೊಲದವರು ಕಾಳು ಕೊಡುತ್ತಿದ್ದಾರೆ, ಅದರ ಲೆಕ್ಕ ಯಾರಾದರೂ ಕೇಳಬೇಕು.

ಅರಮನೆಯನ್ನೇ ನೋಡಬೇಕೆಂದು ಹಟ ಹಿಡಿದವರಿಗೆ ಹತ್ತಿರದ ಬಾಡ ಇದೆ, ಕನಕದಾಸರು ಹುಟ್ಟಿದ ಊರು. ದಂಡನಾಯಕ ತಿಮ್ಮಪ್ಪ ನಾಯಕನಾಗಿದ್ದ ಅವರ ನೆನಪಿಗೆ ಸರ್ಕಾರ ಅಲ್ಲಿ ಹೊಸ ಅರಮನೆ ಕಟ್ಟಿಸಿದೆ. ಚೆನ್ನಾಗಿದೆ, ಮಕ್ಕಳಿಗೆ ಇಷ್ಟವಾಗುತ್ತದೆ. ನನಗೆ ಮಾತ್ರ ಹೊಸ ಗಾರೆಗಿಂತ ಹಳೆ ಕೋಟೆಯ ಸಗಣಿ ವಾಸನೆಯೇ ನಿಜವೆನ್ನಿಸಿತು.

ಬಂಕಾಪುರ ಪುಣೆ–ಬೆಂಗಳೂರು ಹೆದ್ದಾರಿಗೆ ಹತ್ತಿರ. ಹತ್ತಿಮತ್ತೂರಿನ ಕಡೆಯವರು ಸವಣೂರಿನ ಮೇಲಿಂದ ಬರಬಹುದು; ಹಿಂದಿರುಗುವಾಗ ಅಲ್ಲಿಳಿದು ದೊಡ್ಡಹುಣಸೆ ಮರ ನೋಡಿ, ಖಾರಾ ಕಟ್ಟಿಸಿಕೊಂಡು ಹೋಗಬಹುದು. ಗರಿ ಬಿಚ್ಚಿದ ನವಿಲು ಬೇಕಾದವರು ಮುಂಗಾರು ಹಿಡಿದ ಮೇಲೆ, ಬೆಳಿಗ್ಗೆ ಬಿಸಿಲೇರುವ ಮುಂಚೆ ಹೋಗಿ. ಹೋರಿ ನೋಡಲು ಯಾವ ಕಾಲವಾದರೂ ಸರಿ.