ಪೊಟ್ಟಣದ ಮೇಲಿನ ಕ್ಯಾಲೊರಿ: ಉರಿಸಿ ಅಳೆದದ್ದೋ, ಲೆಕ್ಕ ಹಾಕಿದ್ದೋ?

ಚಕ್ಕುಲಿ, ಕೋಡುಬಳೆ, ಬಿಸ್ಕತ್ತು ಮುಂತಾದ ತಿನಿಸುಗಳನ್ನು ಪೊಟ್ಟಣದಲ್ಲಿ ಮಾರುವ ಉದ್ದಿಮೆದಾರರು ಅವುಗಳ ಪೋಷಕಾಂಶಗಳೊಡನೆ ಶಕ್ತಿಯ ಪ್ರಮಾಣವನ್ನೂ ಕಿಲೊಕ್ಯಾಲೊರಿಗಳಲ್ಲಿ ಮುದ್ರಿಸಬೇಕೆಂದು 2020ರ ಆಹಾರ ಲೇಬಲಿಂಗ್ ನಿಯಮಾವಳಿ ವಿಧಿಸುತ್ತದೆ. ಆದರೆ ಈ ಅಂಕಿ ದೊರೆಯುವ ಬಗೆಯನ್ನು ಅರಿಯದೆ, ಪ್ರಯೋಗಾಲಯದ ವರದಿಯಲ್ಲಿರುವ ಯಾವುದೋ ಸಂಖ್ಯೆಯನ್ನು ಅಚ್ಚು ಹಾಕಿಸಿದರೆ ಲೇಬಲ್ಲೇ ತಪ್ಪಾದೀತು.

ಉರಿಸಿ ಅಳೆಯುವ ವಿಧಾನ

ಆಹಾರದ ಒಟ್ಟು ಶಕ್ತಿಯನ್ನು ಅಳೆಯುವ ಉಪಕರಣವೇ ಬಾಂಬ್ ಕ್ಯಾಲೊರಿಮೀಟರ್. ಒಣಗಿಸಿ ಪುಡಿಮಾಡಿದ ಸುಮಾರು ಒಂದು ಗ್ರಾಂ ಮಾದರಿಯನ್ನು ದಪ್ಪ ಉಕ್ಕಿನ ಪಾತ್ರೆಯಲ್ಲಿಟ್ಟು, ಅಧಿಕ ಒತ್ತಡದಲ್ಲಿ ಆಮ್ಲಜನಕವನ್ನು ತುಂಬಿ, ವಿದ್ಯುತ್ ತಂತಿಯಿಂದ ಹೊತ್ತಿಸಲಾಗುತ್ತದೆ. ಪಾತ್ರೆಯ ಸುತ್ತಲಿನ ನೀರಿನ ಉಷ್ಣತೆ ಎಷ್ಟು ಏರಿತೆಂಬುದರಿಂದ ಬಿಡುಗಡೆಯಾದ ಶಾಖವನ್ನು ತಿಳಿಯಬಹುದು. ಉಪಕರಣದ ನಿಖರತೆಯನ್ನು ಬೆಂಜೋಯಿಕ್ ಆಮ್ಲದಿಂದ ಪರೀಕ್ಷಿಸುವುದು ರೂಢಿ. ಅದರ ಒಂದು ಗ್ರಾಂ ಉರಿದರೆ ಸುಮಾರು 6.3 ಕಿಲೊಕ್ಯಾಲೊರಿ ಶಾಖ ಹೊರಬರುತ್ತದೆ.

ದೇಹಕ್ಕೆ ದಕ್ಕುವುದೆಷ್ಟು?

ಬಾಂಬಿನಲ್ಲಿ ಉರಿದುದೆಲ್ಲವೂ ದೇಹಕ್ಕೆ ದಕ್ಕುವುದಿಲ್ಲ. ಒಂದು ಗ್ರಾಂ ಪ್ರೋಟೀನ್ ಉರಿದಾಗ ಸುಮಾರು 5.65 ಕಿಲೊಕ್ಯಾಲೊರಿ ದೊರೆತರೂ, ಅದರಲ್ಲಿ ಒಂದು ಪಾಲು ಮೂತ್ರದ ಯೂರಿಯಾದೊಡನೆ ಹೊರಹೋಗುತ್ತದೆ. ಇನ್ನಷ್ಟು ಜೀರ್ಣವಾಗದೆ ಉಳಿಯುತ್ತದೆ. ಅಮೆರಿಕದ ವಿಲ್ಬರ್ ಆಟ್‌ವಾಟರ್ 19ನೆಯ ಶತಮಾನದ ಅಂತ್ಯದಲ್ಲಿ ಇಂತಹ ನಷ್ಟಗಳನ್ನು ಕಳೆದು ನೀಡಿದ ಗುಣಕಗಳೇ ಇಂದಿಗೂ ಲೇಬಲ್ಲಿನ ಆಧಾರ: ಗ್ರಾಂ ಒಂದಕ್ಕೆ ಶರ್ಕರಪಿಷ್ಟ 4, ಪ್ರೋಟೀನ್ 4, ಕೊಬ್ಬು 9 ಕಿಲೊಕ್ಯಾಲೊರಿ. ನಾರಿಗೆ 2 ಎಂದು ಎಣಿಸುವುದು ವಾಡಿಕೆ.

ಒಂದು ಕುರುಕಲು ತಿನಿಸಿನ 100 ಗ್ರಾಂನಲ್ಲಿ ನಾರೂ ಸೇರಿ 58 ಗ್ರಾಂ ಶರ್ಕರಪಿಷ್ಟ, 9 ಗ್ರಾಂ ಪ್ರೋಟೀನ್, 28 ಗ್ರಾಂ ಕೊಬ್ಬು ಇದೆಯೆಂದಿಟ್ಟುಕೊಳ್ಳೋಣ. ಗುಣಕಗಳ ಪ್ರಕಾರ ಶಕ್ತಿ 520 ಕಿಲೊಕ್ಯಾಲೊರಿ. 58 ಗ್ರಾಂನಲ್ಲಿ 8 ಗ್ರಾಂ ನಾರೆಂದು ಬೇರ್ಪಡಿಸಿದರೆ ಅದು 504ಕ್ಕೆ ಇಳಿಯುತ್ತದೆ. ಅದೇ ತಿನಿಸನ್ನು ಬಾಂಬಿನಲ್ಲಿ ಉರಿಸಿದರೆ ಸುಮಾರು 555 ಬರುತ್ತದೆ. ಮೂರೂ ಅಂಕಿಗಳು ತಮ್ಮ ತಮ್ಮ ಅರ್ಥದಲ್ಲಿ ಸರಿಯೇ. ಆದರೆ ಬಾಂಬಿನ ಅಂಕಿ ಲೇಬಲ್ಲಿಗೆ ಸಲ್ಲದು.

ಉದ್ದಿಮೆದಾರರು ಗಮನಿಸಬೇಕಾದುದು

ಶರ್ಕರಪಿಷ್ಟವನ್ನು ಸಾಮಾನ್ಯವಾಗಿ ನೇರವಾಗಿ ಅಳೆಯುವುದಿಲ್ಲ. ನೂರರಿಂದ ತೇವಾಂಶ, ಪ್ರೋಟೀನ್, ಕೊಬ್ಬು, ಬೂದಿಗಳನ್ನು ಕಳೆದು ಪಡೆಯುತ್ತಾರೆ. ಆದ್ದರಿಂದ ತೇವಾಂಶದ ಪರೀಕ್ಷೆಯಲ್ಲಿನ ಸಣ್ಣ ದೋಷವೂ ಕ್ಯಾಲೊರಿಯ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ. ಕರಿದ ತಿನಿಸುಗಳು ಹೀರುವ ಎಣ್ಣೆ ಬಾಣಲೆಯಿಂದ ಬಾಣಲೆಗೆ ಬದಲಾಗುವುದರಿಂದ ಒಂದೇ ಮಾದರಿಯನ್ನು ನೆಚ್ಚದೆ, ಹಲವು ದಿನಗಳ ತಯಾರಿಕೆಯಿಂದ ಮಾದರಿಗಳನ್ನು ಕಳುಹಿಸುವುದು ಲೇಸು. ವರದಿ ಕೈಸೇರಿದೊಡನೆ ಶಕ್ತಿಯ ಅಂಕಿ ಲೆಕ್ಕ ಹಾಕಿದ್ದೋ ಉರಿಸಿ ಅಳೆದದ್ದೋ, ನಾರನ್ನು ಬೇರ್ಪಡಿಸಲಾಗಿದೆಯೋ ಎಂದು ಕೇಳಿ ತಿಳಿಯಬೇಕು.

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ, 2006ರ 52ನೆಯ ಕಲಮಿನ ಪ್ರಕಾರ ತಪ್ಪು ಲೇಬಲ್ಲಿನ ಆಹಾರಕ್ಕೆ 3 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಪೊಟ್ಟಣಗಳನ್ನು ಸಾವಿರಗಟ್ಟಲೆ ಅಚ್ಚು ಹಾಕಿಸುವ ಮುನ್ನ ವರದಿಯನ್ನು ಮುಂದಿಟ್ಟುಕೊಂಡು ಒಮ್ಮೆ ಕೂಡಿ, ಗುಣಿಸಿ ನೋಡುವುದಕ್ಕೆ ಯಾವ ಖರ್ಚೂ ತಗಲುವುದಿಲ್ಲ.